ಆಪಲ್ ಷೇರಿನ ಬೆಲೆ 499 ಡಾಲರೋ, 124 ಡಾಲರೋ: ಜಾಗತಿಕ ಪೇಟೆಗಳ ಇಒಡಿ ಡೇಟಾ ಕೊಳ್ಳುವ ಮುನ್ನ

2020ರ ಆಗಸ್ಟ್ 28ರ ಶುಕ್ರವಾರ ನಾಸ್ಡಾಕ್‌ನಲ್ಲಿ ಆಪಲ್ ಷೇರಿನ ದಿನದ ವಹಿವಾಟು ಮುಗಿದದ್ದು 499.23 ಡಾಲರಿಗೆ. ಅದೇ ದಿನದ ಬೆಲೆಯನ್ನು ಇಂದು ಬೇರೆ ಬೇರೆ ಕಡೆ ಹುಡುಕಿದರೆ ಒಂದು ಕಡೆ 499.23 ಸಿಗುತ್ತದೆ, ಇನ್ನೊಂದು ಕಡೆ 124.81, ಮತ್ತೊಂದು ಕಡೆ ಅದಕ್ಕಿಂತಲೂ ಕೆಲವು ಡಾಲರ್ ಕಡಿಮೆ. ಮೂರೂ ಸರಿಯೇ. ಮೊದಲನೆಯದು ಅಂದು ನಿಜವಾಗಿ ಷೇರು ಕೈಬದಲಾಯಿಸಿದ ಬೆಲೆ. ಎರಡನೆಯದು ಮರುಸೋಮವಾರ ಜಾರಿಗೆ ಬಂದ 4:1 ಸ್ಪ್ಲಿಟ್‌ಗೆ, ಅಂದರೆ ಒಂದು ಷೇರನ್ನು ನಾಲ್ಕಾಗಿ ಒಡೆದದ್ದಕ್ಕೆ, ಹೊಂದಿಸಿದ ಬೆಲೆ. ಮೂರನೆಯದರಲ್ಲಿ ಅಲ್ಲಿಂದೀಚೆಗೆ ಕಂಪನಿ ಹಂಚಿದ ಡಿವಿಡೆಂಡ್‌ಗಳನ್ನೂ ಲೆಕ್ಕಕ್ಕೆ ಹಿಡಿಯಲಾಗಿದೆ. ತಪ್ಪಾಗುವುದು ಇವುಗಳಲ್ಲಿ ಯಾವುದು ಕೈಗೆ ಬಂದಿದೆ ಎಂದು ತಿಳಿಯದೆ ಬಳಸಿದಾಗ.

ಎಂಡ್ ಆಫ್ ಡೇ, ಚುಟುಕಾಗಿ ಇಒಡಿ ಡೇಟಾ, ಎಂದರೆ ಒಂದು ಷೇರಿಗೆ ದಿನಕ್ಕೊಂದು ಸಾಲು: ತಾರೀಖು, ಆರಂಭ, ಗರಿಷ್ಠ, ಕನಿಷ್ಠ, ಮುಕ್ತಾಯ, ವಾಲ್ಯೂಮ್ (ಕೈಬದಲಾದ ಷೇರುಗಳ ಸಂಖ್ಯೆ). ನೋಡಲು ಇಷ್ಟು ಸರಳವಾದ್ದರಿಂದಲೇ ಕೊಳ್ಳುವವರು ಬೆಲೆಪಟ್ಟಿ ನೋಡಿ ತೀರ್ಮಾನಿಸಿಬಿಡುತ್ತಾರೆ. ಮಾರುವವರ ಜಾಹೀರಾತೂ ಅದಕ್ಕೆ ತಕ್ಕಂತೆಯೇ ಇರುತ್ತದೆ: ಎಷ್ಟು ಎಕ್ಸ್‌ಚೇಂಜ್, ಎಷ್ಟು ಸಾವಿರ ಟಿಕ್ಕರ್ (ಷೇರಿನ ಕಿರುಸಂಕೇತ), ಎಷ್ಟು ವರ್ಷದ ಇತಿಹಾಸ. ಮಾಮೂಲಿ ದಿನಗಳಲ್ಲಿ ಎಲ್ಲ ವೆಂಡರ್‌ಗಳ ಸಾಲುಗಳೂ ಹೆಚ್ಚುಕಡಿಮೆ ಒಂದೇ. ಸ್ಪ್ಲಿಟ್, ಬೋನಸ್ (ಷೇರುದಾರರಿಗೆ ಉಚಿತ ಷೇರು), ಡಿಮರ್ಜರ್ (ಕಂಪನಿಯ ಒಂದು ಭಾಗ ಬೇರೆ ಕಂಪನಿಯಾಗುವುದು), ಹೆಸರು ಬದಲಾವಣೆ, ದಿವಾಳಿ, ರಜೆಯಲ್ಲಿ ನಡೆದ ವಿಶೇಷ ವಹಿವಾಟು, ಇಂಥ ವಿಚಿತ್ರ ದಿನಗಳಲ್ಲಿ ಮಾತ್ರ ಬೇರೆಯಾಗುತ್ತವೆ. ಆದ್ದರಿಂದ ಆಯ್ಕೆ ಮಾಡಬೇಕಾದದ್ದು ಆ ದಿನಗಳನ್ನು ನೋಡಿ. ಟ್ರಯಲ್ ಅವಧಿಯಲ್ಲಿ ಕೇಳಿ ನೋಡಬಹುದಾದ, ಉತ್ತರ ಮೊದಲೇ ಗೊತ್ತಿರುವ ಕೆಲವು ದಿನಗಳನ್ನು ಕೆಳಗೆ ಅಲ್ಲಲ್ಲಿ ಕೊಟ್ಟಿದೆ.

ಯಾವ ಕೆಲಸಕ್ಕೆ?

ಭಾರತದ ನಿವಾಸಿಗೆ ಹೊರದೇಶದ ಷೇರುಗಳಲ್ಲಿ ಇಒಡಿ ಡೇಟಾ ಬಹುಪಾಲು ಸಾಕು. ಹೊರದೇಶಕ್ಕೆ ಹಣ ಕಳಿಸಲು ಆರ್‌ಬಿಐ ಮಾಡಿರುವ ಎಲ್‌ಆರ್‌ಎಸ್ ಯೋಜನೆಯ ಅಡಿಯಲ್ಲಿ ವರ್ಷಕ್ಕೆ 2.5 ಲಕ್ಷ ಡಾಲರ್‌ವರೆಗೆ ಕಳಿಸಬಹುದಾದರೂ ಆ ಹಣದಲ್ಲಿ ಮಾರ್ಜಿನ್ ವ್ಯವಹಾರಕ್ಕೆ (ಪೂರ್ತಿ ಬೆಲೆಯ ಬದಲು ಒಂದು ಪಾಲನ್ನಷ್ಟೇ ಕಟ್ಟಿ ನಡೆಸುವುದಕ್ಕೆ) ಅವಕಾಶವಿಲ್ಲ. ಹಾಗಾಗಿ ವಾರಗಟ್ಟಲೆ, ತಿಂಗಳುಗಟ್ಟಲೆ ಷೇರು ಇಟ್ಟುಕೊಳ್ಳುವವರೇ ಹೆಚ್ಚು, ಅವರಿಗೆ ನಿಮಿಷ ನಿಮಿಷದ ಬೆಲೆ ಬೇಕಿಲ್ಲ. ಆದರೆ ಇಒಡಿ ಡೇಟಾದ ಒಳಗೂ ಕೆಲಸಕ್ಕೆ ತಕ್ಕ ಹಾಗೆ ಬೇಡಿಕೆ ಬದಲಾಗುತ್ತದೆ. ಚಾರ್ಟ್ ನೋಡುವವರಿಗೆ ಸ್ಪ್ಲಿಟ್‌ಗೆ ಹೊಂದಿಸಿದ ಬೆಲೆ ಸಾಕು. ಹಳೆಯ ಡೇಟಾ ಮೇಲೆ ತಂತ್ರ ಪರೀಕ್ಷಿಸುವ ಬ್ಯಾಕ್‌ಟೆಸ್ಟ್‌ಗೆ ಡಿವಿಡೆಂಡ್ ಸೇರಿದ ಬೆಲೆಯೂ ಬೇಕು, ಮುಚ್ಚಿಹೋದ ಕಂಪನಿಗಳ ಇತಿಹಾಸವೂ ಬೇಕು.

ಇನ್ನೊಂದು ಬಳಕೆಯನ್ನು ವೆಂಡರ್‌ಗಳ ಜಾಹೀರಾತು ಎಂದೂ ಹೇಳುವುದಿಲ್ಲ. ಬೆಂಗಳೂರಿನಲ್ಲಿ ಅಮೆರಿಕದ ಕಂಪನಿಗಳಿಗೆ ದುಡಿಯುತ್ತ ಸಂಬಳದ ಜೊತೆ ಆರ್‌ಎಸ್‌ಯು, ಅಂದರೆ ಕಂಪನಿಯ ಷೇರು, ಪಡೆಯುವವರಿಗೆ ಅದು ಚೆನ್ನಾಗಿ ಗೊತ್ತು: ಹೊರದೇಶದ ಆಸ್ತಿ ತೋರಿಸುವ, ಆದಾಯ ತೆರಿಗೆ ರಿಟರ್ನ್‌ನ ಶೆಡ್ಯೂಲ್ ಎಫ್‌ಎ. ಹೊರದೇಶದ ಷೇರಿನ ಗರಿಷ್ಠ ಮೌಲ್ಯವನ್ನೂ ಡಿಸೆಂಬರ್ 31ರ ಮೌಲ್ಯವನ್ನೂ ಅಲ್ಲಿ ಕ್ಯಾಲೆಂಡರ್ ವರ್ಷದ ಲೆಕ್ಕದಲ್ಲಿ ತೋರಿಸಬೇಕು, ಎಸ್‌ಬಿಐನ ಟಿಟಿ ಖರೀದಿ ದರದಲ್ಲಿ (ಬ್ಯಾಂಕ್ ವಿದೇಶಿ ಹಣ ಕೊಳ್ಳುವ ದರದಲ್ಲಿ) ರೂಪಾಯಿಗೆ ತಿರುಗಿಸಬೇಕು. ಇಲ್ಲಿ ಬೇಕಾದದ್ದು ಆ ದಿನದ ಕಚ್ಚಾ ಬೆಲೆ, ಹೊಂದಿಸಿದ್ದಲ್ಲ. 50 ಎನ್ವಿಡಿಯಾ ಷೇರು ಇದ್ದವರು 2024ರ ಮೇ ತಿಂಗಳಲ್ಲೇ ಎಲ್ಲವನ್ನೂ ಮಾರಿದರು ಎಂದುಕೊಳ್ಳಿ. ಜೂನ್ 10ರಂದು 10:1 ಸ್ಪ್ಲಿಟ್ ಆಯಿತು. ಇಂದು ಹೊಂದಿಸಿದ ಬೆಲೆ ತಂದು 50ರಿಂದ ಗುಣಿಸಿದರೆ ಗರಿಷ್ಠ ಮೌಲ್ಯ ನಿಜದ ಹತ್ತನೇ ಒಂದು ಪಾಲಿಗೆ ಇಳಿಯುತ್ತದೆ. ಯಾಹೂ ಫೈನಾನ್ಸ್‌ನ 'ಕ್ಲೋಸ್' ಕಾಲಮ್ ಕೂಡ ಸ್ಪ್ಲಿಟ್‌ಗೆ ಹೊಂದಿಸಿದ ಬೆಲೆಯೇ. ಪಕ್ಕದಲ್ಲಿ 'ಅಡ್ಜಸ್ಟೆಡ್ ಕ್ಲೋಸ್' ಎಂಬ ಬೇರೆ ಕಾಲಮ್ ಇರುವುದರಿಂದ ಮೊದಲನೆಯದು ಕಚ್ಚಾ ಬೆಲೆ ಎಂದು ಬಹಳ ಜನ ನಂಬಿಬಿಡುತ್ತಾರೆ.

ಮುಕ್ತಾಯ ಬೆಲೆ ಎಲ್ಲ ಕಡೆ ಒಂದೇ ಅಲ್ಲ

ಎನ್‌ಎಸ್‌ಇಯಲ್ಲಿ ನಡೆದುಬಂದ ಪದ್ಧತಿಯಲ್ಲಿ ಮುಕ್ತಾಯ ಬೆಲೆ ಎಂದರೆ ಕೊನೆಯ ವ್ಯವಹಾರದ ಬೆಲೆಯಲ್ಲ. ಮೂರರಿಂದ ಮೂರೂವರೆಯವರೆಗಿನ ಅರ್ಧ ಗಂಟೆಯ ವ್ಯವಹಾರಗಳ, ವಾಲ್ಯೂಮ್‌ಗೆ ತಕ್ಕ ತೂಕ ಕೊಟ್ಟ ಸರಾಸರಿ. ಇದರ ಜಾಗಕ್ಕೆ, ದಿನದ ಕೊನೆಯ ಆರ್ಡರ್‌ಗಳನ್ನು ಒಟ್ಟಿಗೆ ಹೊಂದಿಸಿ ಒಂದೇ ಬೆಲೆ ನಿಗದಿಮಾಡುವ ಮುಕ್ತಾಯ ಹರಾಜು ತರುವ ಹೆಜ್ಜೆಯನ್ನು ಸೆಬಿ ಇಟ್ಟಿದೆ, ಆದ್ದರಿಂದ ಹಳೆಯ ಸಾಲುಗಳ 'ಕ್ಲೋಸ್'ಗೂ ಹೊಸ ಸಾಲುಗಳದಕ್ಕೂ ಅರ್ಥ ಬೇರೆಯಾಗುತ್ತದೆ. ಲಂಡನ್‌ನಲ್ಲಿ ಸಂಜೆ 4:30ರಿಂದ 4:35ರವರೆಗೆ ನಡೆಯುವ ಹರಾಜಿನಲ್ಲಿ ಬೆಲೆ ನಿಗದಿಯಾಗುತ್ತದೆ. ಟೋಕಿಯೊ 2024ರ ನವೆಂಬರ್ 5ರಂದು ವಹಿವಾಟಿನ ಸಮಯವನ್ನು ಅರ್ಧ ಗಂಟೆ ಹೆಚ್ಚಿಸಿ 3:30ಕ್ಕೆ ಒಯ್ದಿತು, ಮುಕ್ತಾಯಕ್ಕೂ ಹೊಸ ಕ್ರಮ ತಂದಿತು.

ಅಮೆರಿಕದಲ್ಲಿ ತೊಡಕು ಇನ್ನೂ ಒಂದು ಸುತ್ತು ಹೆಚ್ಚು. ಒಂದೇ ಷೇರು ಹತ್ತಕ್ಕೂ ಹೆಚ್ಚು ಎಕ್ಸ್‌ಚೇಂಜ್‌ಗಳಲ್ಲಿ ವಹಿವಾಟಾಗುತ್ತದೆ. ಷೇರು ನೋಂದಾಯಿಸಿಕೊಂಡ ಮೂಲ ಎಕ್ಸ್‌ಚೇಂಜ್‌ನ ಹರಾಜಿನಲ್ಲಿ ಬಂದದ್ದು ಅಧಿಕೃತ ಮುಕ್ತಾಯ. ಎಲ್ಲ ಕಡೆಯ ವ್ಯವಹಾರಗಳು ಸೇರುವ ಕನ್ಸಾಲಿಡೇಟೆಡ್ ಟೇಪಿನ ಕೊನೆಯ ಬೆಲೆ ಅದಕ್ಕಿಂತ ಒಂದೆರಡು ಸೆಂಟ್ ಅತ್ತಿತ್ತ ಇರಬಹುದು. ಆ ಒಂದೆರಡು ಸೆಂಟಿನಿಂದ ಯಾರೂ ಮುಳುಗುವುದಿಲ್ಲ. ವಾಲ್ಯೂಮ್ ವಿಷಯ ಹಾಗಲ್ಲ. ಅಗ್ಗದ ಕೆಲವು ಫೀಡ್‌ಗಳು ಒಂದೇ ಎಕ್ಸ್‌ಚೇಂಜ್‌ನ ವಾಲ್ಯೂಮ್ ಕೊಡುತ್ತವೆ, ಅದು ಒಟ್ಟು ವಹಿವಾಟಿನ ಸಣ್ಣ ಪಾಲು. ವಾಲ್ಯೂಮ್ ನೋಡಿ ಷೇರು ಆರಿಸುವ ತಂತ್ರ ಅಲ್ಲಿಗೆ ಕೆಲಸಕ್ಕೆ ಬಾರದು. ಪರಿಚಿತ ದೊಡ್ಡ ಷೇರೊಂದರ ವಾಲ್ಯೂಮ್ ಅನ್ನು ಎಕ್ಸ್‌ಚೇಂಜ್‌ನ ಸ್ವಂತ ಪುಟದಲ್ಲಿರುವ ಅಂಕಿಯೊಡನೆ ಹೋಲಿಸಿದರೆ ಐದು ನಿಮಿಷದಲ್ಲಿ ಗೊತ್ತಾಗುತ್ತದೆ.

ತಪ್ಪು ವ್ಯವಹಾರ ರದ್ದಾದಾಗ ಏನು ಮಾಡುತ್ತಾರೆ ಎಂಬುದನ್ನೂ ನೋಡಿ. 2024ರ ಜೂನ್ 3ರಂದು ನ್ಯೂಯಾರ್ಕ್ ಎಕ್ಸ್‌ಚೇಂಜ್‌ನ ತಾಂತ್ರಿಕ ದೋಷದಿಂದ ಬರ್ಕ್‌ಷೈರ್ ಹಾತ್‌ವೇಯ ಎ ದರ್ಜೆಯ ಷೇರು, ಆರು ಲಕ್ಷ ಡಾಲರ್ ಮೀರಿದ್ದು, 185.10 ಡಾಲರ್ ಎಂದು ತೋರಿತು. ಆ ವ್ಯವಹಾರಗಳನ್ನು ಎಕ್ಸ್‌ಚೇಂಜ್ ರದ್ದುಮಾಡಿತು. ಆ ದಿನದ ಕನಿಷ್ಠ ಬೆಲೆ ಇಂದಿಗೂ 185.10 ಎಂದೇ ಇದ್ದರೆ, ಆ ವೆಂಡರ್ ರದ್ದತಿಯ ತಿದ್ದುಪಡಿಗಳನ್ನು ಹಿಂದಿನ ದಿನಾಂಕಕ್ಕೆ ಒಯ್ಯುತ್ತಿಲ್ಲ ಎಂದರ್ಥ.

ಹೊಂದಾಣಿಕೆಯ ಲೆಕ್ಕ

ಹೆಚ್ಚು ಸಮಯ ಕೊಡಬೇಕಾದದ್ದು ಇಲ್ಲಿ.

ಸ್ಪ್ಲಿಟ್ ಮತ್ತು ಬೋನಸ್ ಲೆಕ್ಕ ಸರಳ. 4:1 ಸ್ಪ್ಲಿಟ್ ಆದರೆ ಹಿಂದಿನ ಎಲ್ಲ ಬೆಲೆಗಳನ್ನು 4ರಿಂದ ಭಾಗಿಸಿ, ವಾಲ್ಯೂಮ್ ಅನ್ನು 4ರಿಂದ ಗುಣಿಸಬೇಕು. 1:1 ಬೋನಸ್ ಆದರೆ ಎರಡರಿಂದ. ಇಲ್ಲೇ ಮೊದಲ ಎಡವಟ್ಟು: ಬೆಲೆ ಹೊಂದಿಸಿ ವಾಲ್ಯೂಮ್ ಹಾಗೇ ಬಿಟ್ಟವರಿದ್ದಾರೆ. ಬೆಲೆಯನ್ನೂ ವಾಲ್ಯೂಮನ್ನೂ ಗುಣಿಸಿ ದಿನದ ವಹಿವಾಟಿನ ಮೊತ್ತ ಕಂಡುಹಿಡಿಯುವವರಿಗೆ ಆಪಲ್‌ನ ವಹಿವಾಟು 2020ರ ಆಗಸ್ಟ್‌ಗೆ ಮೊದಲು ನಾಲ್ಕನೇ ಒಂದರಷ್ಟೇ ಇದ್ದಂತೆ ಕಾಣುತ್ತದೆ. ಈ ಮೊತ್ತಕ್ಕೆ ಯಾವಾಗಲೂ ಕಚ್ಚಾ ಬೆಲೆ, ಕಚ್ಚಾ ವಾಲ್ಯೂಮ್ ಬಳಸುವುದೇ ಸರಿ.

ಡಿವಿಡೆಂಡ್‌ಗೆ ಗುಣಕ ಬೇಕು. ಎಕ್ಸ್-ಡೇಟ್ (ಅಂದಿನಿಂದ ಷೇರು ಕೊಂಡವರಿಗೆ ಡಿವಿಡೆಂಡ್ ಸಿಗದ ದಿನ) ಹಿಂದಿನ ದಿನ ಬೆಲೆ 200, ಡಿವಿಡೆಂಡ್ 4 ಆದರೆ ಗುಣಕ 1 − 4/200, ಅಂದರೆ 0.98. ಎಕ್ಸ್-ಡೇಟ್‌ಗಿಂತ ಹಿಂದಿನ ಎಲ್ಲ ಬೆಲೆಗಳನ್ನು 0.98ರಿಂದ ಗುಣಿಸುತ್ತಾರೆ. ಮುಂದಿನ ತ್ರೈಮಾಸಿಕದ ಡಿವಿಡೆಂಡ್ ಬಂದಾಗ ಇನ್ನೊಂದು ಗುಣಕ, ಹೀಗೆ ಸರಪಳಿ. ವಿಶೇಷ ಡಿವಿಡೆಂಡ್ ಅನ್ನು ಕೆಲವರು ಬಿಟ್ಟುಬಿಡುತ್ತಾರೆ. ಕಾಸ್ಟ್‌ಕೊ ಒಂದು ಷೇರಿಗೆ 15 ಡಾಲರ್ ವಿಶೇಷ ಡಿವಿಡೆಂಡ್ ಕೊಟ್ಟಾಗ ಎಕ್ಸ್-ಡೇಟ್ 2023ರ ಡಿಸೆಂಬರ್ 27. ಡಿವಿಡೆಂಡ್ ಪಟ್ಟಿಯಲ್ಲಿ ಅದು ಇದೆಯೇ ಎಂದು ನೋಡುವುದು ಸುಲಭದ ಪರೀಕ್ಷೆ.

ಡಿಮರ್ಜರ್‌ನಲ್ಲಿ ಅಗ್ಗದ ಸೇವೆಗಳು ಮುಗ್ಗರಿಸುತ್ತವೆ. ರಿಲಯನ್ಸ್‌ನಿಂದ ಜಿಯೊ ಫೈನಾನ್ಷಿಯಲ್ ಬೇರೆಯಾದ 2023ರ ಜುಲೈ 20ರಂದು ಎನ್‌ಎಸ್‌ಇಯಲ್ಲಿ ಬೆಲೆ ನಿಗದಿಗೆಂದೇ ವಿಶೇಷ ಅಧಿವೇಶನ ನಡೆಯಿತು. ಹಿಂದಿನ ದಿನ 2,841.85 ರೂಪಾಯಿ ಇದ್ದ ರಿಲಯನ್ಸ್ 2,580ಕ್ಕೆ ನಿಂತಿತು, ನಡುವಿನ 261.85 ರೂಪಾಯಿ ಹೊಸ ಕಂಪನಿಯ ಬೆಲೆಯಾಯಿತು. ಹೂಡಿಕೆದಾರರಿಗೆ ಅಂದು ಒಂದು ಪೈಸೆಯೂ ನಷ್ಟವಾಗಲಿಲ್ಲ. ಗುಣಕ 0.9079 ಹಾಕದ ಡೇಟಾದಲ್ಲಿ ಮಾತ್ರ ಒಂದೇ ರಾತ್ರಿಯಲ್ಲಿ 9 ಪ್ರತಿಶತ ಕುಸಿತ ಕಾಣುತ್ತದೆ, ಇಷ್ಟು ಇಳಿದರೆ ಮಾರು ಎಂಬ ಸ್ಟಾಪ್‌ಲಾಸ್ ಇಟ್ಟ ಬ್ಯಾಕ್‌ಟೆಸ್ಟ್ ಷೇರು ಮಾರಿಬಿಡುತ್ತದೆ. 2025ರ ಅಕ್ಟೋಬರ್ 14ರಂದು ಟಾಟಾ ಮೋಟಾರ್ಸ್ ಇಬ್ಭಾಗವಾದಾಗ ಬೆಲೆ ಸುಮಾರು 660ರಿಂದ 400ಕ್ಕೆ ಇಳಿದದ್ದೂ ಇದೇ ಲೆಕ್ಕ. ರೈಟ್ಸ್ ಇಶ್ಯೂ ಇನ್ನೂ ಸೂಕ್ಷ್ಮ. ಈಗಾಗಲೇ ಇರುವ ಷೇರುದಾರರಿಗೆ ಹಕ್ಕಿನ ಷೇರನ್ನು ಪೇಟೆ ಬೆಲೆಗಿಂತ ಕಡಿಮೆಗೆ ಕೊಡುವುದರಿಂದ ಅದರಲ್ಲೊಂದು ಸಣ್ಣ ಬೋನಸ್ ಅಡಗಿರುತ್ತದೆ. ರಿಲಯನ್ಸ್ 2020ರಲ್ಲಿ 15 ಷೇರಿಗೆ ಒಂದರಂತೆ 1,257 ರೂಪಾಯಿಗೆ ಕೊಟ್ಟಿದ್ದು ಹೀಗೆ. ಯುರೋಪಿನ ಬ್ಯಾಂಕುಗಳ ಇತಿಹಾಸದಲ್ಲಿ ರೈಟ್ಸ್ ಇಶ್ಯೂ ಬಹಳ, ಅಲ್ಲಿ ಗುಣಕ ಬಿಟ್ಟರೆ ಹತ್ತು ವರ್ಷದ ಗಳಿಕೆಯ ಲೆಕ್ಕವೇ ತಲೆಕೆಳಗು.

ದಶಮಾಂಶದ ವಿಷಯ ಕ್ಷುಲ್ಲಕ ಎನಿಸಬಹುದು. ಮೈಕ್ರೋಸಾಫ್ಟ್ 1986ರ ಮಾರ್ಚ್ 13ರಂದು ಪೇಟೆಗೆ ಬಂದಾಗ ಐಪಿಒ ಬೆಲೆ 21 ಡಾಲರ್. ಆಮೇಲೆ ಒಂಬತ್ತು ಸ್ಪ್ಲಿಟ್ ಸೇರಿ ಒಂದು ಷೇರು 288 ಆಗಿದೆ. ಹೊಂದಿಸಿದರೆ 21 ಡಾಲರ್ ಎಂಬುದು 0.0729 ಆಗುತ್ತದೆ. ಎರಡೇ ದಶಮಾಂಶ ಕೊಡುವ ಸೇವೆಯಲ್ಲಿ ಅದು 0.07: ನಾಲ್ಕು ಪ್ರತಿಶತ ತಪ್ಪು ಅಲ್ಲೇ ಸೇರಿತು, ಒಂದು ಸೆಂಟ್ ಮೇಲೆ ಹೋದರೆ ಚಾರ್ಟ್‌ನಲ್ಲಿ ಹದಿನಾಲ್ಕು ಪ್ರತಿಶತ ಜಿಗಿತ. ಹೊಂದಿಸಿದ ಬೆಲೆಗೆ ಕನಿಷ್ಠ ನಾಲ್ಕು, ಸಾಧ್ಯವಾದರೆ ಆರು ದಶಮಾಂಶ ಬೇಕು. '5 ಡಾಲರಿಗಿಂತ ಕಡಿಮೆ ಬೆಲೆಯ ಷೇರು ಬೇಡ' ಎಂಬಂಥ ನಿಯಮವನ್ನು ಹೊಂದಿಸಿದ ಬೆಲೆಗೆ ಅನ್ವಯಿಸುವವರು ಆಗಿನ ಮೈಕ್ರೋಸಾಫ್ಟನ್ನೇ ಕಳಪೆ ಷೇರೆಂದು ಎಸೆದಿರುತ್ತಾರೆ.

ಇಷ್ಟೆಲ್ಲ ಆದ ಮೇಲೆ ವೆಂಡರ್‌ನಿಂದ ಕೇಳಬೇಕಾದ್ದು ಇದು: ಕಚ್ಚಾ ಬೆಲೆ, ಹೊಂದಿಸಿದ ಬೆಲೆ, ಮತ್ತು ಸ್ಪ್ಲಿಟ್, ಬೋನಸ್, ಡಿವಿಡೆಂಡ್‌ನಂಥ ಕಾರ್ಪೊರೇಟ್ ಆ್ಯಕ್ಷನ್‌ಗಳ ಪ್ರತ್ಯೇಕ ಪಟ್ಟಿ. ಮೂರೂ ಕೊಡದೆ ಬರೀ ಹೊಂದಿಸಿದ ಬೆಲೆ ಕೊಡುವವರನ್ನು ಗಂಭೀರ ಕೆಲಸಕ್ಕೆ ನೆಚ್ಚಬೇಡಿ. ಲೆಕ್ಕ ಎಲ್ಲಿ ತಪ್ಪಿತು ಎಂದು ಹುಡುಕುವ ದಾರಿಯೇ ಅಲ್ಲಿರುವುದಿಲ್ಲ.

ಸತ್ತ ಕಂಪನಿಗಳು

ಅಮೆರಿಕದ ದೊಡ್ಡ ಕಂಪನಿಗಳ ಸೂಚ್ಯಂಕವಾದ ಎಸ್ ಆ್ಯಂಡ್ ಪಿ 500ರ ಇಂದಿನ ಪಟ್ಟಿ ತೆಗೆದುಕೊಂಡು 20 ವರ್ಷ ಹಿಂದಕ್ಕೆ ಬ್ಯಾಕ್‌ಟೆಸ್ಟ್ ಮಾಡಿದರೆ ಯಾವ ತಂತ್ರವೂ ಗೆಲ್ಲುತ್ತದೆ, ಏಕೆಂದರೆ ಬದುಕುಳಿದವರನ್ನು ಮಾತ್ರ ಆರಿಸಿಕೊಂಡಾಗಿದೆ. ದಿವಾಳಿಯಾದ ಲೇಮನ್ ಬ್ರದರ್ಸ್ ಅದರಲ್ಲಿಲ್ಲ. ನಮ್ಮ ಕಡೆ 2018ರಲ್ಲಿ ಎಕ್ಸ್‌ಚೇಂಜ್‌ನಿಂದ ಹೊರಬಿದ್ದ ಕಿಂಗ್‌ಫಿಷರ್ ಏರ್‌ಲೈನ್ಸ್ ಕೂಡ ಇಂದಿನ ಪಟ್ಟಿಗಳಲ್ಲಿ ಸಿಗದು. ಹಾಗಾಗಿ ಹೀಗೆ ಹೊರಬಿದ್ದ, ಅಂದರೆ ಡೀಲಿಸ್ಟ್ ಆದ, ಷೇರುಗಳ ಇತಿಹಾಸ ಬೇಕು, ಜೊತೆಗೆ ಯಾವ ದಿನ ಸೂಚ್ಯಂಕದಲ್ಲಿ ಯಾರಿದ್ದರು ಎಂಬ ಪಟ್ಟಿಯೂ ಬೇಕು. 2020ರ ಮಾರ್ಚ್‌ನಲ್ಲಿ ನಿಫ್ಟಿ 50ರಿಂದ ಹೊರಬಿದ್ದ ಯೆಸ್ ಬ್ಯಾಂಕ್ ಅದರ ಹಿಂದಿನ ತಿಂಗಳ ಪಟ್ಟಿಯಲ್ಲಿ ಇರಲೇಬೇಕು.

'ಡೀಲಿಸ್ಟ್ ಆದವೂ ಇವೆ' ಎಂಬ ಉತ್ತರಕ್ಕೆ ಸುಮ್ಮನಾಗಬೇಡಿ. ಅವುಗಳ ಕೊನೆ ಹೇಗೆ ದಾಖಲಾಗಿದೆ ನೋಡಿ. ಸಿಲಿಕಾನ್ ವ್ಯಾಲಿ ಬ್ಯಾಂಕಿನ ಮಾತೃಸಂಸ್ಥೆಯ ಷೇರು 2023ರ ಮಾರ್ಚ್ 9ರಂದು ನಾಸ್ಡಾಕ್‌ನಲ್ಲಿ 106.04 ಡಾಲರಿಗೆ ಮುಗಿಯಿತು. ಮರುದಿನ ವಹಿವಾಟು ನಿಂತಿತು. ಅದೇ ತಿಂಗಳ ಕೊನೆಗೆ ಒಟಿಸಿ ಪೇಟೆಯಲ್ಲಿ (ಎಕ್ಸ್‌ಚೇಂಜ್‌ನ ಹೊರಗೆ ನಡೆಯುವ ವಹಿವಾಟಿನಲ್ಲಿ) ಮತ್ತೆ ಕಾಣಿಸಿಕೊಂಡಾಗ ಬೆಲೆ ಒಂದು ಡಾಲರಿಗೂ ಕಡಿಮೆ. ನಾಸ್ಡಾಕ್‌ನ ಸಾಲುಗಳನ್ನಷ್ಟೇ ಇಟ್ಟುಕೊಂಡ ವೆಂಡರ್‌ನ ಫೈಲ್ 106.04ಕ್ಕೆ ಮುಗಿಯುತ್ತದೆ. ಬ್ಯಾಕ್‌ಟೆಸ್ಟ್ ಆ ಬೆಲೆಗೆ ಷೇರು ಮಾರಿ ಹೊರಬಂದಂತೆ ಲೆಕ್ಕ ಹಾಕುತ್ತದೆ. ವಾಸ್ತವದಲ್ಲಿ ಆ ಬೆಲೆಗೆ ಕೊಳ್ಳುವವರೇ ಇರಲಿಲ್ಲ.

ಹೆಸರುಗಳ ಗೋಜಲು

ಟಿಕ್ಕರ್ ಎಂಬುದು ಬಾಡಿಗೆ ಮನೆಯ ನಂಬರ್ ಇದ್ದ ಹಾಗೆ, ಇಂದು ಒಬ್ಬರು, ನಾಳೆ ಇನ್ನೊಬ್ಬರು. ನ್ಯೂಯಾರ್ಕ್‌ನ 'ಎಸ್' ಎಂಬ ಒಂದಕ್ಷರದ ಟಿಕ್ಕರ್ ಸಿಯರ್ಸ್‌ನದಾಗಿತ್ತು, ಸ್ಪ್ರಿಂಟ್‌ನದಾಯಿತು, 2021ರಿಂದ ಸೆಂಟಿನೆಲ್‌ಒನ್‌ನದು. ಫೇಸ್‌ಬುಕ್ ತನ್ನ 'ಎಫ್‌ಬಿ' ಬಿಟ್ಟು 'ಮೆಟಾ' ಹಿಡಿದದ್ದು 2022ರ ಜೂನ್ 9ರಂದು. ಅದೇ ವರ್ಷದ ಆರಂಭದವರೆಗೆ 'ಮೆಟಾ' ಒಂದು ಇಟಿಎಫ್‌ನ (ಷೇರಿನಂತೆ ವಹಿವಾಟಾಗುವ ಫಂಡಿನ) ಟಿಕ್ಕರ್ ಆಗಿತ್ತು. 'ಮೆಟಾ'ದ 2021ರ ಡಿಸೆಂಬರ್ ಬೆಲೆ ಕೇಳಿದಾಗ ಬರಬೇಕಾದದ್ದು ಫೇಸ್‌ಬುಕ್‌ನ ಮುನ್ನೂರು ಡಾಲರ್ ಮೀರಿದ ಅಂಕಿ. ಹದಿನೈದು ಡಾಲರ್ ಆಸುಪಾಸಿನ ಅಂಕಿ ಬಂದರೆ ಎರಡು ಇತಿಹಾಸಗಳನ್ನು ಒಂದೇ ದಾರದಲ್ಲಿ ಪೋಣಿಸಿದ್ದಾರೆ.

ಆದ್ದರಿಂದ ವೆಂಡರ್ ಬಳಿ ಬದಲಾಗದ ಸ್ವಂತ ಗುರುತಿನ ಸಂಖ್ಯೆ ಇರಬೇಕು, ಅದರ ಜೊತೆ ಐಸಿನ್ (ಷೇರಿನ ಅಂತರರಾಷ್ಟ್ರೀಯ ಗುರುತಿನ ಸಂಖ್ಯೆ) ಮತ್ತು ಎಕ್ಸ್‌ಚೇಂಜ್‌ನ ನಾಲ್ಕಕ್ಷರದ ಎಂಐಸಿ ಕೋಡ್. ಐಸಿನ್ ಒಂದನ್ನೇ ನೆಚ್ಚಲೂ ಆಗದು. ಭಾರತದಲ್ಲಿ ಮುಖಬೆಲೆ ಬದಲಾಗುವ ಸ್ಪ್ಲಿಟ್ ಆದರೆ ಐಸಿನ್ ಬದಲಾಗುತ್ತದೆ, ಬೋನಸ್ ಆದರೆ ಬದಲಾಗುವುದಿಲ್ಲ. ಇನ್ಫೋಸಿಸ್ ಇದಕ್ಕೆಲ್ಲ ಒಳ್ಳೆಯ ಪರೀಕ್ಷೆ. ಎನ್‌ಎಸ್‌ಇಯಲ್ಲೂ ನ್ಯೂಯಾರ್ಕ್‌ನಲ್ಲೂ ಅದರ ಟಿಕ್ಕರ್ ಒಂದೇ, ಬಿಎಸ್‌ಇಯಲ್ಲಿ 500209. ಇಲ್ಲಿನ ಷೇರಿಗೂ ನ್ಯೂಯಾರ್ಕ್‌ನ ಎಡಿಆರ್‌ಗೂ (ಹೊರದೇಶದ ಷೇರಿನ ಬದಲು ಅಮೆರಿಕದಲ್ಲಿ ವಹಿವಾಟಾಗುವ ರಸೀತಿಗೂ) ಐಸಿನ್ ಬೇರೆ, ಕರೆನ್ಸಿ ಬೇರೆ. 2011ರಲ್ಲಿ ಹೆಸರು ಬದಲಾಗುವವರೆಗೆ ಎನ್‌ಎಸ್‌ಇಯಲ್ಲಿ 'ಇನ್ಫೋಸಿಸ್‌ಟಿಸಿಎಚ್' ಎಂಬ ಉದ್ದದ ಟಿಕ್ಕರ್ ಇತ್ತು, ಹಳೆಯ ಭಾಗವನ್ನು ಸೇರಿಸದ ಫೈಲ್ ಅಲ್ಲಿಂದಲೇ ಶುರುವಾಗುತ್ತದೆ. 2018ರ 1:1 ಬೋನಸ್‌ಗೆ ಎನ್‌ಎಸ್‌ಇಯಲ್ಲಿ ಎಕ್ಸ್-ಡೇಟ್ ಸೆಪ್ಟೆಂಬರ್ 4, ನ್ಯೂಯಾರ್ಕ್‌ನಲ್ಲಿ ಬೆಲೆ ಅರ್ಧಕ್ಕಿಳಿದದ್ದು ಅದಾದ ಕೆಲವು ದಿನಗಳ ಮೇಲೆ. ಒಂದೇ ತಾರೀಖನ್ನು ಎರಡೂ ಕಡೆ ಹಾಕಿದವರ ಎಡಿಆರ್ ಚಾರ್ಟ್‌ನಲ್ಲಿ ಆ ನಡುವಿನ ದಿನಗಳು ದುಪ್ಪಟ್ಟಾಗಿ ನಿಂತಿರುತ್ತವೆ.

ಫೈಲ್ ತೆರೆಯುವಾಗಿನ ಅಡ್ಡಿಗಳೂ ಕಡಿಮೆಯಿಲ್ಲ. ಹಾಂಗ್‌ಕಾಂಗ್‌ನ 0700 ಎಂಬ ಟೆನ್ಸೆಂಟ್ ಎಕ್ಸೆಲ್‌ನಲ್ಲಿ 700 ಆಗುತ್ತದೆ. ನ್ಯಾಷನಲ್ ಬ್ಯಾಂಕ್ ಆಫ್ ಕೆನಡಾದ ಟಿಕ್ಕರ್ 'ಎನ್‌ಎ', ಪೈಥಾನ್ ಭಾಷೆಯಲ್ಲಿ ಡೇಟಾ ಓದಲು ಬಳಸುವ ಪಾಂಡಾಸ್ ಅದನ್ನು ಖಾಲಿ ಕೋಶ ಎಂದು ಓದಿಕೊಳ್ಳುತ್ತದೆ. ಟಿಕ್ಕರ್ ಕಾಲಮ್ ಅನ್ನು ಪಠ್ಯವಾಗಿಯೇ ಓದುವಂತೆ, ಖಾಲಿ ಎಂಬ ಊಹೆ ಮಾಡದಂತೆ ಮೊದಲೇ ಹೇಳಿಬಿಡಬೇಕು.

ಪೆನ್ಸ್, ತಾರೀಖು, ರಜೆ

ಲಂಡನ್‌ನಲ್ಲಿ ಬಹುಪಾಲು ಷೇರುಗಳ ಬೆಲೆ ಪೌಂಡ್‌ನಲ್ಲಲ್ಲ, ಪೆನ್ಸ್‌ನಲ್ಲಿ. ಏಳೂವರೆ ಪೌಂಡಿನ ಷೇರು 750 ಎಂದು ಬರುತ್ತದೆ. ಜೋಹಾನ್ಸ್‌ಬರ್ಗ್‌ನಲ್ಲಿ ಸೆಂಟ್, ಟೆಲ್ ಅವೀವ್‌ನಲ್ಲಿ ಅಗೋರಾ. ಡಿವಿಡೆಂಡ್ ಮಾತ್ರ ಪೌಂಡ್‌ನಲ್ಲಿ ಬಂದರೆ ಗುಣಕದಲ್ಲಿ ಕಳೆಯುವ ಪಾಲು ನೂರು ಪಟ್ಟು ತಪ್ಪುತ್ತದೆ. ಒಂದೇ ಇಟಿಎಫ್‌ಗೆ ಲಂಡನ್‌ನಲ್ಲೇ ಎರಡು ಟಿಕ್ಕರ್ ಇರುವುದೂ ಉಂಟು: ಐಷೇರ್ಸ್‌ನ ಎಸ್ ಆ್ಯಂಡ್ ಪಿ 500 ಇಟಿಎಫ್ 'ಸಿಎಸ್‌ಪಿಎಕ್ಸ್' ಎಂದರೆ ಡಾಲರ್, 'ಸಿಎಸ್‌ಪಿ1' ಎಂದರೆ ಪೆನ್ಸ್. ಎರಡಕ್ಕೂ ಕರೆನ್ಸಿ ಕಾಲಮ್‌ನಲ್ಲಿ ಸರಿಯಾದ ಘಟಕ ಬರುತ್ತದೆಯೇ ನೋಡಿ.

ತಾರೀಖಿನ ಮೋಸ ಕಣ್ಣಿಗೆ ಬೀಳುವುದಿಲ್ಲ. ಜೂನ್ 10 ಎಂಬ ಒಂದೇ ಮುದ್ರೆ ಟೋಕಿಯೊ ಸಾಲಿನ ಮೇಲೂ ನ್ಯೂಯಾರ್ಕ್ ಸಾಲಿನ ಮೇಲೂ ಇರುತ್ತದೆ. ಟೋಕಿಯೊ ಮುಗಿಯುವುದು ನಮ್ಮ ಮಧ್ಯಾಹ್ನ 12ಕ್ಕೆ. ನ್ಯೂಯಾರ್ಕ್ ಮುಗಿಯುವುದು ಬೇಸಿಗೆಯಲ್ಲಿ ನಮ್ಮ ನಡುರಾತ್ರಿ ಕಳೆದು 1:30ಕ್ಕೆ, ಚಳಿಗಾಲದಲ್ಲಿ 2:30ಕ್ಕೆ. ಜೂನ್ 10ರ ನ್ಯೂಯಾರ್ಕ್ ಮುಕ್ತಾಯ ನೋಡಿ ಜೂನ್ 10ರಂದೇ ಟೋಕಿಯೊದಲ್ಲಿ ಕೊಳ್ಳುವ ಬ್ಯಾಕ್‌ಟೆಸ್ಟ್ ನಾಳೆಯ ಪತ್ರಿಕೆ ಇಂದೇ ಓದಿದೆ. ಅಮೆರಿಕ ಗಡಿಯಾರ ಮುಂದಿಡುವುದು ಮಾರ್ಚ್‌ನ ಎರಡನೇ ಭಾನುವಾರ, ಯುರೋಪ್ ಕೊನೆಯ ಭಾನುವಾರ. ನಡುವಿನ ವಾರಗಳಲ್ಲಿ ಭಾರತೀಯ ಸಮಯಕ್ಕೆ ಕಟ್ಟಿದ ಡೌನ್‌ಲೋಡ್ ವೇಳಾಪಟ್ಟಿ ಒಂದು ಪೇಟೆಗೆ ಸರಿ, ಇನ್ನೊಂದಕ್ಕೆ ತಪ್ಪು. ಸುಲಭದ ಉಪಾಯ: ಅಮೆರಿಕದ ಡೇಟಾವನ್ನು ಬೆಳಗ್ಗೆ ಏಳರ ಮೇಲೆ ಇಳಿಸಿಕೊಳ್ಳಿ. ನ್ಯೂಯಾರ್ಕ್ ತೆರೆಯುವುದು ನಮ್ಮ ಸಂಜೆ ಏಳೋ ಎಂಟೋ ಗಂಟೆಗೆ, ಪರಿಶೀಲನೆಗೆ ಇಡೀ ದಿನ ಇದೆ.

ಶನಿವಾರ, ಭಾನುವಾರ ಪೇಟೆಯಿಲ್ಲ ಎಂದು ನಂಬಿ ಬರೆದ ಪ್ರೋಗ್ರಾಮ್‌ಗಳು ಎನ್‌ಎಸ್‌ಇ ಮುಂದೆ ಸೋಲುತ್ತವೆ. 2023ರ ದೀಪಾವಳಿಯ ಮುಹೂರ್ತ ವಹಿವಾಟು ನವೆಂಬರ್ 12ರ ಭಾನುವಾರ ನಡೆಯಿತು. 2025ರ ಬಜೆಟ್ ದಿನ, ಫೆಬ್ರವರಿ 1, ಶನಿವಾರ. ಸೌದಿ ಪೇಟೆಯಂತೂ ನಡೆಯುವುದೇ ಭಾನುವಾರದಿಂದ ಗುರುವಾರ. ಈ ಸಾಲುಗಳು ಕಾಣೆಯಾಗಿದ್ದರೆ ಒಂದು ದೋಷ. ಅದಕ್ಕೆ ತದ್ವಿರುದ್ಧವಾದ ದೋಷವೂ ಇದೆ: ರಜೆಯ ದಿನಕ್ಕೆ ಹಿಂದಿನ ದಿನದ ಬೆಲೆ, ಸೊನ್ನೆ ವಾಲ್ಯೂಮ್ ತುಂಬಿ ಕೊಡುವುದು.

ಇಳಿಸಿಕೊಳ್ಳುವ ಕ್ರಮ

6,000 ಷೇರುಗಳನ್ನು ನಿಮಿಷಕ್ಕೆ ಐದು ಕರೆಯ ಮಿತಿಯಿರುವ ಎಪಿಐನಲ್ಲಿ (ಪ್ರೋಗ್ರಾಮ್ ಮೂಲಕ ಡೇಟಾ ಕೇಳಿ ಪಡೆಯುವ ಸೌಲಭ್ಯದಲ್ಲಿ) ಒಂದೊಂದಾಗಿ ಕೇಳಿದರೆ 20 ಗಂಟೆ ಬೇಕು. ಒಂದು ಎಕ್ಸ್‌ಚೇಂಜ್‌ನ ಇಡೀ ದಿನದ ಡೇಟಾವನ್ನು ಒಂದೇ ಕರೆಯಲ್ಲಿ ಕೊಡುವ ಬಲ್ಕ್ ಸೌಲಭ್ಯ ಇದೆಯೇ ಎಂಬ ಪ್ರಶ್ನೆ, ತಿಂಗಳ ಶುಲ್ಕದ ಪ್ರಶ್ನೆಗಿಂತ ಮೊದಲು ಬರಬೇಕು. ಜಾಗದ ಚಿಂತೆ ಬೇಡ: 6,000 ಷೇರು, 20 ವರ್ಷ, ವರ್ಷಕ್ಕೆ 252 ದಿನ ಎಂದರೆ ಮೂರು ಕೋಟಿ ಸಾಲು, ಮಾಮೂಲಿ ಲ್ಯಾಪ್‌ಟಾಪ್‌ಗೆ ಹೊರೆಯಲ್ಲ.

ಹೆಚ್ಚು ಜನ ಬೀಳುವ ಹೊಂಡ ಬೇರೆ ಕಡೆ ಇದೆ. ಮೊದಲ ದಿನ ಹೊಂದಿಸಿದ ಇತಿಹಾಸ ಇಳಿಸಿಕೊಂಡು, ಆಮೇಲೆ ದಿನಕ್ಕೊಂದು ಹೊಸ ಸಾಲು ಸೇರಿಸುತ್ತ ಹೋಗುತ್ತಾರೆ. ಸ್ಪ್ಲಿಟ್ ಆದ ದಿನ ವೆಂಡರ್ ತನ್ನ ಇಡೀ ಇತಿಹಾಸವನ್ನು ಹೊಂದಿಸುತ್ತಾನೆ, ನಿಮ್ಮ ಡೇಟಾಬೇಸ್‌ನಲ್ಲಿ ಹಳೆಯ ಅಳತೆಯೇ ಉಳಿಯುತ್ತದೆ. ಎನ್ವಿಡಿಯಾದ 2024ರ ಜೂನ್ 7ರ ಸಾಲಿನಲ್ಲಿ 1,208.88, ಜೂನ್ 10ರಲ್ಲಿ 121.79. ಇದನ್ನು ತಪ್ಪಿಸಲು ಪ್ರತಿದಿನ ಕೊನೆಯ ಒಂದು ಸಾಲಿನ ಬದಲು ಕೊನೆಯ ಹತ್ತು ಸಾಲು ತನ್ನಿ, ಮೊದಲೇ ಇರುವ ಒಂಬತ್ತರ ಜೊತೆ ಹೋಲಿಸಿ. ಹೊಂದದಿದ್ದರೆ ಆ ಷೇರಿನ ಪೂರ್ತಿ ಇತಿಹಾಸವನ್ನು ಹೊಸದಾಗಿ ಇಳಿಸಿಕೊಳ್ಳಿ. ಇನ್ನೂ ಉತ್ತಮ ದಾರಿ, ಕಚ್ಚಾ ಬೆಲೆಯನ್ನಷ್ಟೇ ಸಂಗ್ರಹಿಸಿ, ಕಾರ್ಪೊರೇಟ್ ಆ್ಯಕ್ಷನ್ ಪಟ್ಟಿಯಿಂದ ಗುಣಕಗಳನ್ನು ಬೇಕಾದಾಗ ಲೆಕ್ಕ ಹಾಕುವುದು.

ಬೆಲೆಯನ್ನು ಪೂರ್ಣಾಂಕವಾಗಿ ಇಡುವವರು 64 ಬಿಟ್ ಬಳಸಲಿ. ನಾಲ್ಕು ದಶಮಾಂಶದೊಡನೆ 32 ಬಿಟ್‌ನಲ್ಲಿ ಹಿಡಿಯುವ ಅತಿ ದೊಡ್ಡ ಬೆಲೆ 4,29,496.7295 ಡಾಲರ್. 2021ರ ಮೇ ತಿಂಗಳಲ್ಲಿ ಬರ್ಕ್‌ಷೈರ್‌ನ ಎ ಷೇರು ಆ ಗಡಿಯ ಹತ್ತಿರ ಬಂದಾಗ ನಾಸ್ಡಾಕ್ ತನ್ನ ಕೆಲವು ಫೀಡ್‌ಗಳಲ್ಲಿ ಅದರ ಬೆಲೆ ಕೊಡುವುದನ್ನೇ ತಾತ್ಕಾಲಿಕವಾಗಿ ನಿಲ್ಲಿಸಬೇಕಾಯಿತು!

ಇಳಿಸಿದ ಪ್ರತಿ ಕಂತಿಗೂ ಒಂದಿಷ್ಟು ತಪಾಸಣೆ ಇರಲಿ. ಕನಿಷ್ಠ ಬೆಲೆ ಆರಂಭ, ಮುಕ್ತಾಯಗಳಿಗಿಂತ ಹೆಚ್ಚಿರಬಾರದು, ಗರಿಷ್ಠ ಕಡಿಮೆಯಿರಬಾರದು. ಕಾರ್ಪೊರೇಟ್ ಆ್ಯಕ್ಷನ್ ಇಲ್ಲದೆ 40 ಪ್ರತಿಶತಕ್ಕಿಂತ ಹೆಚ್ಚು ಏರಿಳಿದ ಷೇರುಗಳನ್ನು ಕಣ್ಣಿನಿಂದ ನೋಡಿ. ಎಕ್ಸ್‌ಚೇಂಜ್‌ನ ಸಾಲುಗಳ ಸಂಖ್ಯೆ ನಿನ್ನೆಗಿಂತ 5 ಪ್ರತಿಶತ ಕಡಿಮೆಯಾದರೆ ಫೈಲ್ ಅರ್ಧಕ್ಕೇ ನಿಂತಿರುವ ಸಾಧ್ಯತೆ ಹೆಚ್ಚು.

ಯಾರ ಬಳಿ ಕೊಳ್ಳುವುದು?

ಬ್ಲೂಮ್‌ಬರ್ಗ್, ಎಲ್‌ಎಸ್‌ಇಜಿ, ಫ್ಯಾಕ್ಟ್‌ಸೆಟ್ ಇವೆಲ್ಲ ಸಂಸ್ಥೆಗಳಿಗೆ. ಬ್ಲೂಮ್‌ಬರ್ಗ್ ಟರ್ಮಿನಲ್ ಒಂದಕ್ಕೇ ವರ್ಷಕ್ಕೆ 25,000 ಡಾಲರ್ ಮೀರುತ್ತದೆ. ಷಿಕಾಗೊ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಸಿಆರ್‌ಎಸ್‌ಪಿ ಅಮೆರಿಕದ ಷೇರುಗಳಿಗೆ 1926ರಿಂದ ಡೇಟಾ ಇಟ್ಟಿದೆ, ಡೀಲಿಸ್ಟ್ ಆದಾಗಿನ ನಷ್ಟವನ್ನೂ ದಾಖಲಿಸುತ್ತದೆ. ವಿಶ್ವವಿದ್ಯಾಲಯದ ಮೂಲಕ ಸಿಗುವವರು ಬೇರೆ ಕಡೆ ನೋಡಬೇಕಿಲ್ಲ.

ವ್ಯಕ್ತಿಗಳ ಮಟ್ಟದಲ್ಲಿ ಆಯ್ಕೆ ಪೇಟೆಯ ಮೇಲೆ ನಿಂತಿದೆ. ಅಮೆರಿಕ, ಕೆನಡಾ, ಆಸ್ಟ್ರೇಲಿಯಾ ಸಾಕು, ಬ್ಯಾಕ್‌ಟೆಸ್ಟ್ ಮುಖ್ಯ ಎನ್ನುವವರಿಗೆ ನಾರ್ಗೇಟ್ ಹೊಂದುತ್ತದೆ: ಡೀಲಿಸ್ಟ್ ಆದವು, ಸೂಚ್ಯಂಕದ ಹಳೆಯ ಪಟ್ಟಿಗಳು ಮೇಲಿನ ದರ್ಜೆಯ ಚಂದಾದಲ್ಲಿ ಸಿಗುತ್ತವೆ. ಆದರೆ ಅದು ವಿಂಡೋಸ್ ಪ್ರೋಗ್ರಾಮ್. ಹತ್ತಾರು ದೇಶಗಳು ಬೇಕಾದವರಿಗೆ ಇಒಡಿಎಚ್‌ಡಿಯಂಥ ಎಪಿಐ ಸೇವೆ, ಬಲ್ಕ್ ಸೌಲಭ್ಯವೂ ಉಂಟು. ಇಷ್ಟು ಅಗಲದ ವ್ಯಾಪ್ತಿಯಲ್ಲಿ ಪ್ರತಿ ದೇಶದ ಆಳ ಒಂದೇ ಸಮನಿರದು, ನಿಮಗೆ ಬೇಕಾದ ಎರಡು ಮೂರು ಎಕ್ಸ್‌ಚೇಂಜ್‌ಗಳನ್ನಷ್ಟೇ ಪರೀಕ್ಷಿಸಿ. ಅಮೆರಿಕದ ಷೇರುಗಳಿಗೆ ಟಿಂಗೊ, ನಾಸ್ಡಾಕ್ ಡೇಟಾ ಲಿಂಕ್‌ನಲ್ಲಿ ಸಿಗುವ ಶರದಾರ್ ಇವೆ. ಆಲ್ಫಾ ವ್ಯಾಂಟೇಜ್‌ನ ಉಚಿತ ಮಿತಿ ದಿನಕ್ಕೆ 25 ಕರೆ, ರುಚಿ ನೋಡಲಷ್ಟೇ. ಎನ್‌ಎಸ್‌ಇಗೆ ಮಾತ್ರವಾದರೆ ದುಡ್ಡೇ ಬೇಡ, ಎಕ್ಸ್‌ಚೇಂಜ್ ದಿನಾ ಕೊಡುವ ಬೆಲೆಗಳ ಫೈಲ್, ಭಾವ್‌ಕಾಪಿ, ಉಚಿತ. ಅದು ಕಚ್ಚಾ ಬೆಲೆ, ಗುಣಕ ನೀವೇ ಹಾಕಬೇಕು. 2024ರ ಜುಲೈ 8ರಿಂದ ಹಳೆಯ ನಮೂನೆ ನಿಂತು ಯುಡಿಫ್ ನಮೂನೆ ಬಂದಿದೆ, ಹಳೆಯ ಸ್ಕ್ರಿಪ್ಟ್‌ಗಳು ಅಂದೇ ಕೆಟ್ಟವು.

ಲೈಸೆನ್ಸ್‌ನಲ್ಲಿ ಎರಡು ಸಾಲು ಹುಡುಕಿ ಓದಿ. ಸ್ವಂತ ಬಳಕೆಯ ಚಂದಾದಲ್ಲಿ ತಂದ ಡೇಟಾವನ್ನು ಆ್ಯಪ್‌ನಲ್ಲೋ ಗ್ರಾಹಕರ ವರದಿಯಲ್ಲೋ ತೋರಿಸಲು ಸಾಮಾನ್ಯವಾಗಿ ಅನುಮತಿಯಿಲ್ಲ. ಚಂದಾ ನಿಲ್ಲಿಸಿದ ಮೇಲೆ ಇಳಿಸಿಕೊಂಡದ್ದನ್ನು ಇಟ್ಟುಕೊಳ್ಳಬಹುದೇ, ಅಳಿಸಬೇಕೇ ಎಂಬುದು ಇನ್ನೊಂದು. ಭಾರತದ ಕಾರ್ಡ್‌ನಲ್ಲಿ ಕಟ್ಟುವವರಿಗೆ ಮತ್ತೊಂದು ಕಿರಿಕಿರಿ: 15,000 ರೂಪಾಯಿ ಮೀರಿದ ಸ್ವಯಂಚಾಲಿತ ಪಾವತಿಗೆ ಪ್ರತಿ ಸಲ ಒಟಿಪಿ ಬೇಕು, ವರ್ಷದ ಚಂದಾ ನವೀಕರಣ ಸದ್ದಿಲ್ಲದೆ ವಿಫಲವಾಗಿ ಮರುದಿನದಿಂದ ಸಾಲುಗಳು ಬರುವುದೇ ನಿಲ್ಲಬಹುದು.

ಉಚಿತವಾದದ್ದು, ಜನಪ್ರಿಯವಾದದ್ದು ಎಷ್ಟು ದಿನ ಇರುತ್ತದೆ ಎಂಬುದಕ್ಕೂ ಉದಾಹರಣೆಗಳಿವೆ. ಯಾಹೂ 2017ರಲ್ಲಿ ತನ್ನ ಹಳೆಯ ಡೌನ್‌ಲೋಡ್ ಸೇವೆ ಮುಚ್ಚಿತು, ಅದರ ಡೇಟಾ ಇಳಿಸಲು ಇಂದು ಜನ ಬಳಸುವ ವೈಫೈನಾನ್ಸ್ ಎಂಬ ಪೈಥಾನ್ ಸಾಧನ ಅಧಿಕೃತವಲ್ಲ. ಸಾವಿರಾರು ಕಲಿಕೆಯ ಪಾಠಗಳಿಗೆ ಆಧಾರವಾಗಿದ್ದ ಕ್ವಾಂಡಲ್‌ನ 'ವಿಕಿ' ಎಂಬ ಉಚಿತ ಷೇರು ಡೇಟಾ 2018ರಲ್ಲಿ ನಿಂತಿತು. ಐಇಎಕ್ಸ್ ಕ್ಲೌಡ್ 2024ರ ಆಗಸ್ಟ್ 31ಕ್ಕೆ ಬಾಗಿಲು ಹಾಕಿತು. ಆದ್ದರಿಂದ ನಿಮ್ಮ ಪ್ರೋಗ್ರಾಮ್‌ನಲ್ಲಿ ವೆಂಡರ್‌ನ ಕಾಲಮ್ ಹೆಸರುಗಳು, '.ಎನ್‌ಎಸ್' '.ಎಲ್' ತರಹದ ಅವರದೇ ಬಾಲಗಳು ಒಂದೇ ಫೈಲಿನೊಳಗೆ ಇರಲಿ, ಉಳಿದೆಲ್ಲ ಕಡೆ ನಿಮ್ಮ ಸ್ವಂತ ಗುರುತು ಮತ್ತು ಎಂಐಸಿ ಕೋಡ್ ಓಡಾಡಲಿ. ಹಿಡಿದಿಟ್ಟುಕೊಂಡ ಷೇರುಗಳಿಗೆ ಮಾತ್ರ, ಅಂದರೆ ಇಪ್ಪತ್ತೋ ಮೂವತ್ತೋ ಟಿಕ್ಕರ್‌ಗೆ, ಎರಡನೆಯ ಉಚಿತ ಮೂಲದಿಂದ ವಾರಕ್ಕೊಮ್ಮೆ ಬೆಲೆ ತಂದು ಹೋಲಿಸಿ. ಅರ್ಧ ಪ್ರತಿಶತಕ್ಕಿಂತ ಹೆಚ್ಚು ವ್ಯತ್ಯಾಸ ಬಂದ ಸಾಲನ್ನು ತಾರೀಖು ಸಮೇತ ವೆಂಡರ್‌ಗೆ ಬರೆದು ಕಳಿಸಿ. ಟ್ರಯಲ್ ವಾರದಲ್ಲೇ ಹೀಗೆ ಒಂದು ದೂರು ಕಳಿಸಿ ನೋಡುವುದು ಒಳ್ಳೆಯದು: ಎರಡು ದಿನದಲ್ಲಿ ಸಾಲು ತಿದ್ದಿ ಉತ್ತರ ಬರೆದವರಿಗೂ, 'ನಿಮ್ಮ ಪ್ರಶ್ನೆ ದಾಖಲಾಗಿದೆ' ಎಂದು ಸುಮ್ಮನಾದವರಿಗೂ ಶುಲ್ಕ ಸಾಮಾನ್ಯವಾಗಿ ಒಂದೇ ಇರುತ್ತದೆ.